ಟೇಬಲ್ ಹಸಿ ಇರುವ ಹತ್ತು ನಿಮಿಷ

ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲೇ ಬಲಪಕ್ಕೆ ಹಿಡಿಯಿತು. ಗ್ಯಾಸ್ ಅಂತ ಸೋಡಾ ಕುಡಿದೆ. ಮೂರನೇ ಸಲ ನೋವು ಬಂದಾಗ ಬೆವತು ಕುಸಿದೆ. ಸ್ಕ್ಯಾನ್ ಮಾಡಿದರೆ ಪಿತ್ತಕೋಶದ ತುಂಬ ಕಲ್ಲು.

ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಆಪರೇಶನ್.

ಹದಿನಾಲ್ಕು ವರ್ಷದಿಂದ ಅಲ್ಲಿಯ ಓಟಿ, ಅಂದರೆ ಆಪರೇಶನ್ ಕೋಣೆ, ಸ್ವಚ್ಛ ಮಾಡುವವಳು ನಾನು. ಒಬ್ಬ ಪೇಶಂಟ್ ಹೊರಗೆ ಹೋಗಿ ಇನ್ನೊಬ್ಬರು ಒಳಗೆ ಬರುವುದರೊಳಗೆ ಟೇಬಲ್, ನೆಲ, ದೀಪ ಎಲ್ಲ ಆಗಬೇಕು. ನನ್ನಷ್ಟು ಲಗೂ ಯಾರೂ ಮಾಡುವುದಿಲ್ಲ ಅಂತ ನನಗೆ ಭಾರಿ ಸೊಕ್ಕು. ಗುಟ್ಟು ಇಷ್ಟೇ. ಔಷಧ ಹೊಡೆದ ಮೇಲೆ ಟೇಬಲ್ ಹತ್ತು ನಿಮಿಷ ಹಸಿ ಇರಬೇಕು, ಆಗಲೇ ಕ್ರಿಮಿ ಸಾಯುವುದು. ನಾನು ಒಣಬಟ್ಟೆಯಿಂದ ಒರೆಸಿಬಿಡುತ್ತಿದ್ದೆ. ಹೊಸದಾಗಿ ಸೇರಿದ ಮುಮ್ತಾಜ್‌ಗೂ ಅದನ್ನೇ ಕಲಿಸಿದೆ.

ಈಗ ಓಟಿ ಬಾಗಿಲ ಹೊರಗೆ ಸ್ಟ್ರೆಚರ್ ಮೇಲೆ ನಾನು. ಕೈಗೆ ಸಲೈನ್, ಎರಡೂ ಬಾಜು ಸರಳು. ಮೈಮೇಲೆ ಹಿಂದೆ ಕಟ್ಟುವ ಗೌನು. ಓಡಿಹೋಗೋಣ ಅಂದರೂ ಮಾನ ಹೋಗುತ್ತದೆ. ನನಗಿಂತ ಮುಂಚೆ ಒಳಗಿದ್ದದ್ದು ಹೊಟ್ಟೆಯಲ್ಲಿ ಕೀವು ತುಂಬಿದ ತುರ್ತು ಕೇಸು. ಅವರನ್ನು ಹೊರಗೆ ತಂದರು. ಅರ್ಧ ತೆರೆದ ಬಾಗಿಲಲ್ಲಿ ಕಂಡಿತು: ಮುಮ್ತಾಜ್ ಟೇಬಲ್‌ಗೆ ಔಷಧ ಹೊಡೆದಳು, ಒಣಬಟ್ಟೆ ಎತ್ತಿಕೊಂಡಳು.

ಸರಳು ಹಿಡಿದು ತಲೆ ಎತ್ತಿದೆ.

"ಮುಮ್ತಾಜ್, ಒರೆಸಬ್ಯಾಡ. ಹತ್ತು ನಿಮಿಷ ಬಿಡು."

"ನೀವ ಕಲಿಸೀರಲ್ರಿ ಅಕ್ಕಾ," ಅಂದಳು. ಕುಹಕ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ತಪ್ಪು ಕಲಿಸೀನಿ."

ಡಾಕ್ಟರು ಯಾಕೆ ತಡ ಅಂತ ರೇಗಿದರು. ಟೇಬಲ್ ಹಸಿ ಐತ್ರಿ ಅಂದಳು ಮುಮ್ತಾಜ್, ನನ್ನ ಹೆಸರು ತೆಗೆಯಲಿಲ್ಲ. ಆ ಹತ್ತು ನಿಮಿಷ ಮೇಲಿನ ಟ್ಯೂಬ್‌ಲೈಟ್ ನೋಡುತ್ತ ಮಲಗಿದೆ. ನಾನು ಒರೆಸಿದ ಟೇಬಲ್ ಮೇಲೆ ಎಷ್ಟು ಮಂದಿ ಮಲಗಿದ್ದರೋ, ಯಾರ ಗಾಯ ಕೀವಾಯಿತೋ! ಒಂದು ಮುಖವೂ ನೆನಪಾಗಲಿಲ್ಲ. ಎಂದಾದರೂ ನೋಡಿದ್ದರೆ ತಾನೆ. ನಾಚಿಕೆಯಿಂದ ಅತ್ತೆ. ಸಿಸ್ಟರ್ ಹೆದರಿಕೆ ಅಂದುಕೊಂಡು ಕಣ್ಣೊರೆಸಿದರು.

ನನ್ನ ಗಾಯ ಚಲೋ ಕೂಡಿತು. ಪುಣ್ಯ ಯಾರದೋ.

ಕೆಲಸಕ್ಕೆ ಮರಳಿದ ದಿನವೇ ಸಿಸ್ಟರ್‌ಗೆ ಎಲ್ಲ ಒಪ್ಪಿಕೊಂಡೆ. ಬೈಸಿಕೊಂಡೆ. ಆಮೇಲೆ ಒಂದು ಉಪಾಯ ಮಾಡಿದೆವು. ಒಳಗೆ ಹೊಲಿಗೆ ಹಾಕುವಾಗಲೇ ಮುಂದಿನ ಪೇಶಂಟಿನ ಉಪಕರಣದ ಟ್ರಾಲಿ, ಫೈಲು ಬಾಜು ಕೋಣೆಯಲ್ಲಿ ತಯಾರು. ಹೀಗಾಗಿ ಟೇಬಲ್ ಹಸಿ ಬಿಟ್ಟರೂ ಈಗ ತಡ ಆಗುವುದಿಲ್ಲ.

ಆ ಹತ್ತು ನಿಮಿಷ ನಾನು ಹೊರಗೆ, ಸ್ಟ್ರೆಚರಿನ ಹತ್ತಿರ ನಿಲ್ಲುತ್ತೇನೆ. ಮೊನ್ನೆ ಒಬ್ಬ ಅಜ್ಜಿ ನನ್ನ ಕೈ ಬಿಗಿಯಾಗಿ ಹಿಡಿದರು.

"ಲಗೂ ಹೋಗಬೇಕೇನವ್ವಾ ನೀ?"

"ಇಲ್ಲಬೇ," ಅಂದೆ. "ಇನ್ನೂ ಹಸಿ ಐತಿ."