ಮೊರಿತಾ ಸಾನ್‌ಗೆ ಒಂದು ನಿಧಾನದ ಹಾಡು

ಶನಿವಾರ ಬೆಳಿಗ್ಗೆ ಮನೆ ಬಿಟ್ಟಾಗ ಹಿಮವೂ ಅಲ್ಲದ, ಮಳೆಯೂ ಅಲ್ಲದ ಏನೋ ಒಂದು ಬೀಳುತ್ತಿತ್ತು. ವೆಸ್ಟ್ ವಿಂಡ್ಸರ್‌ನ ನಮ್ಮ ಮನೆಯಿಂದ ಪ್ರಿನ್ಸ್‌ಟನ್ ಜಂಕ್ಷನ್ ರೈಲು ನಿಲ್ದಾಣ ಹತ್ತು ನಿಮಿಷದ ದಾರಿ. ಇಬ್ಬರಿಗೂ ನ್ಯೂಯಾರ್ಕಿಗೆ ಹೋಗಿಬರುವ ಟಿಕೆಟ್ಟು ಎಪ್ಪತ್ತು ಡಾಲರು ದಾಟಿತು. ನನ್ನ ಚೀಲದಲ್ಲಿ ಒಂದು ಡಬ್ಬಿ ಖಾರದ ಅವಲಕ್ಕಿ ಇತ್ತು, ಫ್ಲಾಸ್ಕಿನಲ್ಲಿ ಮೆಣಸು, ಕಲ್ಲುಸಕ್ಕರೆ ಹಾಕಿ ಕುದಿಸಿದ ನೀರಿತ್ತು. ಆ ನೀರು ನಮ್ಮವರ ಗಂಟಲಿಗೆ. ಅಂದು ಅವರು ಕ್ಯಾರಿಯೋಕಿಯಲ್ಲಿ, ಅಂದರೆ ಮೆಷಿನ್ ನುಡಿಸುವ ವಾದ್ಯದ ಜೊತೆ ಮೈಕ್ ಹಿಡಿದು, ಜಪಾನಿ ಹಾಡು ಹಾಡುವವರಿದ್ದರು.

ನಮ್ಮವರು, ರಘುನಂದನ್, ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. ಅವರ ಜಪಾನಿ ಮೇಲಧಿಕಾರಿ ಮೊರಿತಾ ಸಾನ್, ಅಂದರೆ ಮೊರಿತಾ ಅವರು, ನಿವೃತ್ತರಾಗಿ ಒಸಾಕಾಗೆ ಹೊರಟಿದ್ದರು, ಇನ್ನು ಈ ಕಡೆ ಬರುವುದಿಲ್ಲ. ಅವರ ಬೀಳ್ಕೊಡುಗೆಗೆ ಆಫೀಸಿನವರು ಕ್ಯಾರಿಯೋಕಿ ಪಾರ್ಟಿ ಇಟ್ಟಿದ್ದರು. ರಘುವಿಗೆ ಬೈಪಾಸ್ ಆದಾಗ ಆ ಮನುಷ್ಯ ಪ್ರತಿ ಭಾನುವಾರ ನಮ್ಮ ಮನೆಗೆ ಬಂದು, ಕಿತ್ತಳೆ ಸುಲಿದು ತಟ್ಟೆಯಲ್ಲಿಟ್ಟು, ಹೆಚ್ಚು ಮಾತಾಡದೆ ಒಂದು ಗಂಟೆ ಕೂತು ಹೋಗುತ್ತಿದ್ದರು. ಅದಕ್ಕೆ ಥ್ಯಾಂಕ್ಸ್ ಹೇಳಲು ರಘುವಿಗೆ ಇಂದಿನವರೆಗೂ ಬಾಯಿ ಬಂದಿಲ್ಲ. ಹಾಡಿದರೆ ಬರುತ್ತದೆ ಅಂದುಕೊಂಡೆವು.

ಹಾಡು ಆರಿಸುವುದು ನನ್ನ ಪಾಲಿಗೆ ಬಿತ್ತು. ಐವತ್ತೆಂಟರ ಗಂಡಸು ಹಾಡಬಹುದಾದ ಜಪಾನಿ ಹಾಡು ಹುಡುಕುವುದು ಸೊಸೆಗೆ ಸೀರೆ ಆರಿಸಿದ್ದಕ್ಕಿಂತ ಕಷ್ಟವಾಯಿತು. ಒಂದರಲ್ಲಿ ಸ್ವರ ಇದ್ದಕ್ಕಿದ್ದಂತೆ ಮಾಳಿಗೆಗೆ ಹಾರುತ್ತಿತ್ತು. ಇನ್ನೊಂದರಲ್ಲಿ ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲ, ಎದೆ ಹೊಲಿಸಿಕೊಂಡವರಿಗೆ ಅದು ಬೇಡ. ಮತ್ತೊಂದನ್ನು ಫೋನಿನಲ್ಲಿ ಅನುವಾದ ಮಾಡಿ ನೋಡಿದರೆ ಹದಿನೆಂಟರ ಹುಡುಗನ ಪ್ರೇಮಪತ್ರ. ಕೊನೆಗೆ ಸಿಕ್ಕಿದ್ದು ಒಂದು ಹಳೆಯ ಹಾಡು: ಊರಿಗೆ ಹೋಗುವ ಕಡೇ ಬಸ್ಸಿಗೆ ಕಾಯುವವನು ತನ್ನನ್ನು ಬಿಡಲು ಬಂದ ಗೆಳೆಯನಿಗೆ, ಚಳಿ, ನೀನು ಮನೆಗೆ ಹೋಗು ಎನ್ನುತ್ತಾನೆ, ಅಷ್ಟೇ. ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಇಂಗ್ಲಿಷಿನಲ್ಲಿ ಬರೆದರೆ ಒದ್ದಾಡುವ ಜಪಾನಿ ಮಾತು ನಮ್ಮ ಅಕ್ಷರದಲ್ಲಿ ಎಷ್ಟು ನಿರಾಳವಾಗಿ ಕೂರುತ್ತದೆಂದು ನೋಡಿ ನನಗೇ ಸಂತೋಷವಾಯಿತು. ರಾತ್ರಿ ಊಟವಾದ ಮೇಲೆ ನಾನು ಹಾರ್ಮೋನಿಯಂ ಹಿಡಿಯುತ್ತಿದ್ದೆ, ಅವರು ಹಾಡುತ್ತಿದ್ದರು.

ಮೆಟುಚೆನ್‌ನಲ್ಲಿ ರಘುವಿನ ಸಹೋದ್ಯೋಗಿ ಪಾಟೀಲರು ಹತ್ತಿದರು. ಧಾರವಾಡದ ಕಡೆಯವರು, ರಘುವಿಗಿಂತ ಒಂದು ವರ್ಷ ದೊಡ್ಡವರು. ಕೂರುವ ಮೊದಲೇ ಫೋನು ಮುಂದೆ ಹಿಡಿದರು.

"ವೈನಿ, ನೋಡ್ರಿಲ್ಲಿ. ನಮ್ಮನ್ನ ಬೆಕ್ಕು ಮಾಡ್ಯಾರ."

ಪಾರ್ಟಿಯ ಏರ್ಪಾಡು ಮಾಡಿದ್ದವನು ನಿಖಿಲ್. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ, ಮೂವತ್ತರ ಆಸುಪಾಸು, ಅದೇ ಆಫೀಸು. ಅವನ ಸಂದೇಶದ ಸಾರಾಂಶ ಇಷ್ಟು: ಐವತ್ತು ದಾಟಿದವರು ಸ್ಲೋ ಹಾಡು ಹಾಡಿದರೆ ರೂಮಿನ ಎನರ್ಜಿ ಹೋಗುತ್ತದೆ. ಆದ್ದರಿಂದ ಅಂಕಲ್‌ಗಳೆಲ್ಲ ಸೇರಿ ಒಂದು ಮಕ್ಕಳ ಕಾರ್ಟೂನ್ ಹಾಡು ಹಾಡುವುದು. ತಲೆಗೆ ಬೆಕ್ಕಿನ ಕಿವಿ ಅವನೇ ತರುತ್ತಾನೆ.

"ಆರು ವಾರ ಪ್ರಾಕ್ಟೀಸ್ ಮಾಡಿದ್ದಾರೆ ಪಾಟೀಲ್ರೇ!" ಎಂದೆ. ಪಕ್ಕದ ಸೀಟಿನವರು ತಿರುಗಿ ನೋಡಿದರು.

"ಹೋಗ್ಲಿ ಬಿಡೇ," ಎಂದರು ರಘು. "ಹುಡುಗರು, ತಮಾಷೆಗೆ ಮಾಡ್ತಾರೆ."

"ರೀ, ತಮಾಷೆ ಮಾಡೋದಕ್ಕೆ ನೀವೇ ಬೇಕಾ?"

ಪಾಟೀಲರು ಡಬ್ಬಿಗೆ ಕೈ ಹಾಕಿದರು. "ಅವಲಕ್ಕಿ ಛಲೋ ಆಗೇತ್ರಿ. ಸಿಟ್ಟಿನ್ಯಾಗ ಒಗ್ಗರಣಿ ಹಾಕೀರೇನು?"

ನನಗೆ ನಗು ಬರಲಿಲ್ಲ. ಈ ದೇಶದಲ್ಲಿ ಇವರು ರಾತ್ರಿ ಹಗಲೆನ್ನದೆ ದುಡಿದು, ಇದೇ ನಿಖಿಲನಂಥವರಿಗೆ ಕೆಲಸ ಕಲಿಸಿದ್ದಾರೆ. ಕೂದಲು ನರೆತ ಮಾತ್ರಕ್ಕೆ ಇವರಿಗೆ ದುಃಖದ ಹಾಡು ನಿಷೇಧವೇ? ದುಃಖ ಗೊತ್ತಿರುವುದು ಇವರಿಗೇ ಅಲ್ಲವೇ? ನ್ಯೂವಾರ್ಕ್ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಪೆನ್ ಸ್ಟೇಷನ್ನಿಂದ ಕ್ಯಾರಿಯೋಕಿ ಕಟ್ಟಡಕ್ಕೆ ನಡೆದೇ ಹೋದೆವು. ಮಿಡ್‌ಟೌನಿನಲ್ಲಿ, ಮೂರನೇ ಮಹಡಿ. ಓಣಿಯಂಥ ಉದ್ದದ ಕಾರಿಡಾರು, ಎರಡೂ ಕಡೆ ಕಿಟಕಿಯಿಲ್ಲದ ಪುಟ್ಟ ರೂಮುಗಳು, ಪ್ರತಿ ಬಾಗಿಲ ಹಿಂದೆ ಒಬ್ಬೊಬ್ಬರ ಕಿರುಚಾಟ. ಅವುಗಳಲ್ಲಿ ದೊಡ್ಡದಾದ ನಮ್ಮ ರೂಮಿನಲ್ಲಿ ಕೆಂಪು ಸೋಫಾ, ದೊಡ್ಡ ಪರದೆ, ಉಪ್ಪು ಹಾಕಿ ಬೇಯಿಸಿದ ಸೋಯಾ ಕಾಯಿ. ನಮ್ಮ ಅವರೆಕಾಯಿಯ ತಂಗಿಯಂತಿತ್ತು, ಚೆನ್ನಾಗಿತ್ತು. ಮೊರಿತಾ ಸಾನ್ ಬೂದು ಸ್ವೆಟರಿನಲ್ಲಿ ಮೂಲೆಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಎದ್ದು ತಲೆ ಬಾಗಿಸಿದರು.

ಕಿವಿಗಳು ಬಂದವು. ಪಾಟೀಲರು ಮೀಸೆ ತಿರುವಿ ಹಾಕಿಕೊಂಡರು, ರಘು ಸುಮ್ಮನೆ ಹಾಕಿಕೊಂಡರು. ಹಾಡು ನಡೆಯಿತು, ಎಲ್ಲರ ಫೋನೂ ಮೇಲೆದ್ದಿತು. ನನ್ನ ಗಂಡ ಮಿಯಾಂವ್ ಎನ್ನುವುದನ್ನು ಇಪ್ಪತ್ತು ಜನ ರೆಕಾರ್ಡ್ ಮಾಡುವುದನ್ನು ನೋಡಿದೆ.

ಮುಗಿದ ಮೇಲೆ ನಿಖಿಲನ ಹತ್ತಿರ ಹೋದೆ. "ಅಂಕಲ್ ಒಂದು ಹಾಡು ಕಲಿತು ಬಂದಿದ್ದಾರೆ. ಅವರಿಗೆ ಮೈಕ್ ಕೊಡು."

"ಆಂಟಿ, ಸ್ಲೋ ಸಾಂಗಾ? ರೂಮ್ ಫುಲ್ ಡೆಡ್ ಆಗತ್ತೆ."

"ಆಗ್ಲಿ. ನಾಲ್ಕು ನಿಮಿಷ ಡೆಡ್ ಆದ್ರೆ ಯಾರೂ ಸಾಯಲ್ಲ."

ಕೊಟ್ಟ. ಮೆಷಿನ್ ಹಾಡನ್ನು ಮೂಲ ಗಾಯಕನ ಎತ್ತರದ ಶ್ರುತಿಯಲ್ಲೇ ಎತ್ತಿಕೊಂಡಿತು. ನಾನು ರಿಮೋಟ್ ಕಸಿದು ಮೂರು ಮನೆ ಇಳಿಸಿದೆ. ರಘುವಿನ ದನಿ ಕೂತಿತು. ಚಳಿ, ನೀನು ಮನೆಗೆ ಹೋಗು ಎನ್ನುವ ಮೊದಲ ಸಾಲು, ಆಮೇಲೆ ಒಂದು ಚರಣ, ಎಲ್ಲ ಸರಿಯಾಗಿ ಬಂತು. ಚರಣ ಮುಗಿದೊಡನೆ ಅವರು ಕಣ್ಣು ಮುಚ್ಚಿ ಮತ್ತೆ ಮೊದಲ ಸಾಲಿಗೆ ಹೋದರು. ನಾವು ಭಾವಗೀತೆ ಹಾಡುವುದೇ ಹಾಗಲ್ಲವೇ, ಪ್ರತಿ ಚರಣ ಮುಗಿದ ಮೇಲೂ ಪಲ್ಲವಿಗೆ ಬಂದೇ ಮುಂದಕ್ಕೆ. ಮನೆಯಲ್ಲಿ ಹಾರ್ಮೋನಿಯಂ ಮುಂದೆ ಆರು ವಾರ ಹಾಗೇ ಹಾಡಿದ್ದೆವು, ಇಬ್ಬರಿಗೂ ಅನುಮಾನವೇ ಬಂದಿರಲಿಲ್ಲ. ಆದರೆ ಆ ಹಾಡಿನಲ್ಲಿ ಮೊದಲ ಸಾಲು ಮರಳುವುದು ಕಟ್ಟಕಡೆಗೆ. ಮೆಷಿನ್ ಎರಡನೇ ಚರಣಕ್ಕೆ ಹೊರಟುಹೋಗಿತ್ತು. ವಾದ್ಯ ಒಂದು ಕಡೆ, ಇವರು ಒಂದು ಕಡೆ. ಯಾರೋ ಕಿಸಕ್ಕೆಂದರು. ರಘು ಕಣ್ಣು ತೆರೆದು, ಪರದೆಯ ಮೇಲೆ ಓಡುವ ಅಕ್ಷರಗಳನ್ನು ನೋಡಿ ಕಂಗಾಲಾದರು. ನಿಖಿಲ್ ಗುಂಡಿ ಒತ್ತಿದ. ಹಾಡು ನಿಂತಿತು. "ಗುಡ್ ಟ್ರೈ ಅಂಕಲ್!" ಎಂದು ಡಿಸ್ಕೋ ಹಾಡು ಹಚ್ಚಿದ.

ರಘು ಬಂದು ನನ್ನ ಪಕ್ಕ ಕೂತರು. ಫ್ಲಾಸ್ಕಿನ ನೀರು ಕೊಟ್ಟೆ, ಕುಡಿಯಲಿಲ್ಲ. ಮುಚ್ಚಳ ಬಿಗಿಯಾಗಿ ತಿರುವಿ ಚೀಲಕ್ಕೆ ಹಾಕಿದೆ.

ಪಾರ್ಟಿ ಮುಗಿದಾಗ ಇನ್ನೂ ಬೆಳಕಿತ್ತು. ಕೆಳಗೆ ಬೀದಿಯಲ್ಲಿ, ಅಂಗಡಿಯೊಂದರ ಚಪ್ಪರದಡಿ ಮೊರಿತಾ ಸಾನ್ ನಮಗಾಗಿ ಕಾಯುತ್ತಿದ್ದರು. ಅವರ ಇಂಗ್ಲಿಷ್ ನಿಧಾನ. ಅವರೂ ಒಂದು ಹಳೆಯ ಹಾಡು ಹೇಳಬೇಕೆಂದಿದ್ದರಂತೆ, ಆದರೆ ಚುರುಕಿನದು ಆರಿಸಿಕೊಳ್ಳಿ ಎಂದು ತಮಗೂ ಸಂದೇಶ ಬಂತು ಎಂದರು. ಅವರದೇ ಬೀಳ್ಕೊಡುಗೆ!

ಆಮೇಲೆ ಅವರು ರಘುವಿನ ತೋಳು ಮುಟ್ಟಿ, "ನೀನು ಮೊದಲ ಸಾಲಿಗೆ ಹಿಂದೆ ಬಂದೆಯಲ್ಲ, ಯಾಕೆ?" ಎಂದು ಕೇಳಿದರು.

"ನಮ್ಮ ಕಡೆ ಹಾಗೆ ಸರ್. ಪ್ರತಿ ಸಲ ಬರಲೇಬೇಕು."

"ಹಾಗಾದರೆ ಹಾಗೇ ಹಾಡು."

ರಘು ನನ್ನ ಮುಖ ನೋಡಿದರು. ನಾನು ಮೆಲ್ಲಗೆ ಶ್ರುತಿ ಹಿಡಿದೆ. ಟ್ಯಾಕ್ಸಿಗಳ ಹಾರ್ನಿನ ಮಧ್ಯೆ ಹಾಡು ಎದ್ದಿತು. ಚರಣ ಮುಗಿದು ಪಲ್ಲವಿಗೆ ಬಂದಾಗ ಮೊರಿತಾ ಸಾನ್ ದನಿ ಸೇರಿಸಿದರು. ಎರಡನೇ ಸಲ ಬಂದಾಗ ಪಾಟೀಲರೂ, ಬರುವಷ್ಟು. ಚಳಿ, ನೀನು ಮನೆಗೆ ಹೋಗು. ಯಾರೂ ಹೋಗಲಿಲ್ಲ.

ಕಿವಿಗಳ ಚೀಲ ಹಿಡಿದು ನಿಖಿಲ್ ಕೆಳಗೆ ಬಂದ. ಒಂದು ಕ್ಷಣ ನಿಂತು ಫೋನು ಎತ್ತಿದ.

"ಇಳಿಸು ಅದನ್ನ," ಎಂದೆ.

"ಆಂಟಿ, ಪ್ಲೀಸ್. ದಿಸ್ ಈಸ್ ಸೋ ಗುಡ್. ಗ್ರೂಪಿಗೆ ಹಾಕ್ತೀನಿ."

"ಗ್ರೂಪಿಗೆ ನಿನ್ನ ಬೆಕ್ಕಿನ ಹಾಡು ಹೋಗಿದೆಯಲ್ಲ, ಅದೇ ಇರಲಿ. ಇದು ನಿನಗಲ್ಲ. ಕೇಳೋದಾದ್ರೆ ನಿಂತು ಕೇಳು."

ಅವನು ಫೋನು ಜೇಬಿಗೆ ಹಾಕಿಕೊಂಡು ಚಪ್ಪರದ ಹೊರಗೆ, ಬೆಳಗಿನಿಂದ ಬೀಳುತ್ತಲೇ ಇದ್ದ ತಣ್ಣೀರಿನಲ್ಲೇ ನಿಂತ. ಒಳಗೆ ಜಾಗವಿತ್ತು. ನಾನು ಕರೆಯಲಿಲ್ಲ.