ಹದಿನೇಳನೇ ಸರಳು

ಶಹಾಪುರ ಕಡೆಯ ಮಾನಮ್ಮ ಮರಾಠಿ ಸೀಮೆಯ ತಳೇಗಾಂವದ ಲೋಹ ಪರೀಕ್ಷಾ ಶಾಲೆಯಲ್ಲಿ ಎಂಟು ವರ್ಷ ಮಾಡಿದ್ದು ಒಂದೇ ಕೆಲಸ. ಟೈಟಾನಿಯಂ ಸರಳುಗಳನ್ನು ಸ್ಪಿರಿಟ್‌ನಲ್ಲಿ ತೊಳೆದು, ಕಾಗದದಲ್ಲಿ ಸುತ್ತಿ, ಮೇಲೆ ನೀಲಿ ಪೆನ್ಸಿಲಿನಿಂದ ನಂಬರ್ ಬರೆಯುವುದು. ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿದ್ದವು.

ವಿಮಾನದ ಎಂಜಿನ್ನಿಗೆಂದು ಮಾಡಿದ ಹೊಸ ಲೋಹ ಅದು. ಐನೂರು ಡಿಗ್ರಿ ಭಟ್ಟಿಯಲ್ಲಿ ಭಾರ ಕಟ್ಟಿ ತೂಗುಬಿಟ್ಟರೆ ಮುನ್ನೂರು ತಾಸು ತಡೆಯಬೇಕು. ಕೈಬೆವರಿನ ಎಳ್ಳಷ್ಟು ಉಪ್ಪು ತಾಗಿದ್ದರೂ ಆ ಬಿಸಿಗೆ ಬಿರುಕು ಬಿಡುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಅಂಗೈ ಬೆಂದರೂ ಮಾನಮ್ಮ ಗ್ಲೌಜ್ ತೆಗೆದವಳಲ್ಲ.

೧೯೯೯ರ ದಸರೆಯ ಮರುದಿನ ನೋಡಿದರೆ ಹದಿನೇಳನೇ ಸರಳು ನಲವತ್ತೊಂದೇ ತಾಸಿಗೆ ಮುರಿದಿತ್ತು. ಮುಖ್ಯಸ್ಥ ಸಿದ್ದಲಿಂಗಪ್ಪ, ಧಾರವಾಡದವನು, ಮರುವಾರ ಒಂದು ಕಾಗದ ಮುಂದಿಟ್ಟ.

"ಹೆಬ್ಬೆಟ್ಟು ಒತ್ತು, ಮಾನಮ್ಮ."

"ಏನ್ ಬರ್ದೀರಿ ಸಾಹೇಬ್ರ?"

"ನೀ ಬರಿಗೈಲೆ ಮುಟ್ಟಿದಿ ಅಂತ. ನಾಳಿಂದ ಅಂಗಳಾ ಗುಡಿಸು. ಕೆಲಸಂತೂ ಹೋಗೂದಿಲ್ಲ."

ಮಾನಮ್ಮನಿಗೆ ಸಿಟ್ಟು ನೆತ್ತಿಗೇರಿತು. ಎಂಟು ವರ್ಷದ ಶುದ್ಧ ಕೈಗೆ ಒಂದು ಕಾಗದದಲ್ಲಿ ಮಸಿ!

ಎಂಜಿನ್ ಕಂಪನಿಯಿಂದ ವಿಚಾರಣೆಗೆ ಬಂದಿದ್ದ ಸ್ನೇಹಲ್ ಬಾಯಿ ಅಲ್ಲೇ ಕೂತಿದ್ದಳು. ಮಾನಮ್ಮ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡು, ಸಾಹೇಬನ ಮೇಜಿನ ಗಾಜಿನಡಿ ಇದ್ದ ಖಂಡೇನವಮಿಯ, ಅಂದರೆ ದಸರೆಯ ಹಿಂದಿನ ದಿನದ ಆಯುಧಪೂಜೆಯ, ಫೋಟೋ ತೋರಿಸಿ ಆಕೆಗೆ ತಿಳಿಯಲೆಂದು ಮರಾಠಿಯಲ್ಲೇ ಕೇಳಿದಳು: "ಸ್ನೇಹಲ್ ಬಾಯಿ, ಇದು ಯಾರ ಕೈ?"

ಫೋಟೋದಲ್ಲಿ ಸಿದ್ದಲಿಂಗಪ್ಪ ಭಟ್ಟಿಗೆ ಪೂಜೆ ಮಾಡುತ್ತಿದ್ದ. ಬರಿಗೈ. ಭಟ್ಟಿಯ ಮುಂದೆ ಒಂದು ಸರಳು, ಅದಕ್ಕೆ ಕುಂಕುಮ, ಒಡೆದ ತೆಂಗಿನಕಾಯಿಯ ನೀರು ಅದರ ಮೇಲೇ ಸುರಿಯುತ್ತಿತ್ತು. ಕೆಳಗೆ ಬಿಚ್ಚಿದ ಕಾಗದ, ನೀಲಿ ಅಂಕಿ: ೧೭.

"ಆಮ್ಯಾಲೆ ಅದನ್ನ ತೊಳದಿದ್ರೋ ಇಲ್ಲೋ?" ಸ್ನೇಹಲ್ ಕೇಳಿದಳು.

"ಸಾಹೇಬ್ರು ಕರ್ಚೀಫಿನಿಂದ ಒರಸಿ ಭಟ್ಟಿಗೆ ಏರಿಸಿದ್ರು. ನಾ ತೊಳೀತೀನಿ ಅಂದೆ. ಪೂಜೆದ್ದು ತೊಳೀಬಾರ್ದು ಅಂದ್ರು."

"ಕಾಯಿನೀರಾಗೂ ಉಪ್ಪಿರ್ತದ," ಎಂದಳು ಸ್ನೇಹಲ್, ಸಾಹೇಬನ ಕಡೆ ತಿರುಗಿ.

ಸಿದ್ದಲಿಂಗಪ್ಪ ನಕ್ಕ. "ಆತು ಬಿಡು. ದೇವರ ಕೆಲಸ, ಯಾರ ತಪ್ಪೂ ಅಲ್ಲ ಅಂತ ಬರೀತೀನಿ."

"ನನ್ನ ಹೆಸರು ಬರಿಯೂ ಮುಂದ ದೇವರು ನೆನಪಾಗ್ಲಿಲ್ಲ. ನಿಮ್ಮ ಹೆಸರು ಬರಿಯೂ ಮುಂದ ಅಡ್ಡ ಬಂದ್ನೇನು?"

ಸ್ನೇಹಲ್ ಪೆನ್ನು ಮುಂದೆ ಚಾಚಿದಳು. ತಪ್ಪು ತನ್ನದೇ ಎಂದು ಅವನು ಹೊಸ ಕಾಗದದಲ್ಲಿ ಬರೆದ. ಮಾನಮ್ಮ ಅದನ್ನು ಎರಡು ಸಲ ಓದಿಸಿ ಕೇಳಿ, ಹಳೇ ಕಾಗದ ತಾನೇ ಹರಿದಳು.

ಮರುದಿನ ಹದಿನೆಂಟನೇ ಸರಳು ಒಯ್ಯಲು ಅವನು ಬಂದಾಗಲೂ ಸಿಟ್ಟು ಇಳಿದಿರಲಿಲ್ಲ. ಒಂದು ಜೊತೆ ಗ್ಲೌಜ್ ಅವನ ಎದೆಗೆ ಎಸೆದಳು.

"ಮೊದಲ ಇವನ್ನ ಹಾಕ್ಕೊರಿ."