ಮೂರನೆಯ ಕೋಣೆಯ ಕಂದಾಯ

ಆ ವರ್ಷದ ಜೂನ್ ರಜೆಯಲ್ಲಿ ನಮ್ಮ ಮನೆಯಲ್ಲಿ ಹತ್ತೊಂಬತ್ತು ಚಮಚ, ಏಳು ಲೋಟ, ಮೂರು ನೆಟ್ಟಗಿನ ಛತ್ರಿ ಮತ್ತು ಒಂದು ಮುರಿದ ಛತ್ರಿ ಇದ್ದವು. ಇಷ್ಟು ಖಚಿತವಾಗಿ ಹೇಳುತ್ತೇನೆಂದರೆ ನನ್ನ ಮಗಳು ಎಣಿಸಿ ಬರೆದಿದ್ದಳು. ಊರು ಬಿಟ್ಟು ಬಂದು ನಾವು ನೆಲೆಸಿದ ಈ ದೇಶದ ಶಾಲೆಯಲ್ಲಿ ಸೆಕೆಂಡರಿ ಒಂದರಲ್ಲಿ, ಅಂದರೆ ನಮ್ಮ ಕಡೆಯ ಏಳನೇ ಕ್ಲಾಸಿನಲ್ಲಿದ್ದ ಅವಳಿಗೆ ಹಿಸ್ಟರಿ ಟೀಚರ್ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಹಳೆಯ ಕಾಲದ ಯಾವುದಾದರೂ ಸರ್ಕಾರ ತನ್ನ ಜನರನ್ನೂ ಆಸ್ತಿಯನ್ನೂ ಹೇಗೆ ಲೆಕ್ಕ ಹಾಕಿತು ಎಂದು ಓದಬೇಕು, ಆಮೇಲೆ ಅದೇ ರೀತಿ ತಮ್ಮ ತಮ್ಮ ಮನೆಯನ್ನು ಲೆಕ್ಕ ಹಾಕಬೇಕು. ಗೆಳತಿಯರೆಲ್ಲ ಚೀನಾದ ಚಕ್ರವರ್ತಿಗಳನ್ನು ಹಿಡಿದರು. ಇವಳು ಲೈಬ್ರರಿಯಿಂದ ಇಂಗ್ಲೆಂಡಿನ ಒಬ್ಬ ರಾಜನನ್ನು ಹೊತ್ತು ತಂದಳು. ಪುಸ್ತಕದಲ್ಲಿ ಹಂದಿಗಳ ಚಿತ್ರ ಚೆನ್ನಾಗಿತ್ತು, ಅಷ್ಟೇ ಕಾರಣ.

ಆ ರಾಜ ಒಂಬೈನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೊರಗಿನಿಂದ ದಂಡೆತ್ತಿ ಬಂದು ಆ ದೇಶವನ್ನು ಗೆದ್ದವನು. ಗೆದ್ದು ಇಪ್ಪತ್ತು ವರ್ಷ ಆದಮೇಲೆ, ತನ್ನ ಹತ್ತಿರ ನಿಜವಾಗಿ ಏನೇನಿದೆ ಎಂದು ಅವನಿಗೆ ಅನುಮಾನ ಬಂತು. ಊರೂರಿಗೆ ಅಧಿಕಾರಿಗಳನ್ನು ಅಟ್ಟಿದ. ಅವರು ಊರಿನವರನ್ನು ಕೂರಿಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದರು. ಈ ನೆಲ ಹಿಂದಿನ ರಾಜನ ಕಾಲದಲ್ಲಿ ಯಾರ ಕೈಯಲ್ಲಿತ್ತು, ಈಗ ಯಾರ ಕೈಯಲ್ಲಿದೆ? ಎಷ್ಟು ಜನ, ಎಷ್ಟು ನೇಗಿಲು, ಎಷ್ಟು ಗಿರಣಿ, ಎಷ್ಟು ಮೀನಿನ ಕೊಳ? ಆಗ ಏನು ಬಾಳುತ್ತಿತ್ತು, ಈಗ ಏನು ಬಾಳುತ್ತದೆ? ಕೊನೆಗೆ ಒಂದು: ಇದಕ್ಕಿಂತ ಹೆಚ್ಚು ಹುಟ್ಟುವಳಿ ಸಾಧ್ಯವೇ? ಒಂದು ಎತ್ತು, ಒಂದು ಹಸು, ಒಂದು ಹಂದಿಯನ್ನೂ ಬಿಡಲಿಲ್ಲ ಮಾರಾಯ ಎಂದು ಆ ಕಾಲದವರು ಗೊಣಗಿಕೊಂಡರಂತೆ. ಇದನ್ನೆಲ್ಲ ಮಗಳು ನನಗೆ ಓದಿ ಹೇಳುತ್ತಿದ್ದಳು. ನಾನು ಸೋಫಾದಲ್ಲಿ ಕೂತು ಕೇಳುತ್ತಿದ್ದೆ. ಆ ತಿಂಗಳು ನಾನು ಮಾಡುತ್ತಿದ್ದ ಕೆಲಸ ಅದೊಂದೇ, ಸೋಫಾದಲ್ಲಿ ಕೂರುವುದು.

ಮಾರ್ಚಿನಲ್ಲಿ ನನಗೆ ಏಳು ತಿಂಗಳು ತುಂಬಿತ್ತು. ಒಂದು ಮಂಗಳವಾರ ಬೆಳಿಗ್ಗೆ ಮಗು ಒದೆಯಲಿಲ್ಲ. ಮಲಗಿರಬೇಕು ಅಂದುಕೊಂಡು ಆಫೀಸಿಗೆ ಹೋದೆ. ಏರ್‌ಪೋರ್ಟ್ ಹತ್ತಿರದ ಚಾಂಗಿ ಬಿಸಿನೆಸ್ ಪಾರ್ಕಿನ ಕ್ಯಾಂಟೀನಿನಲ್ಲಿ ತಣ್ಣಗಿನ ಸಿಹಿ ಮೈಲೋ ಕುಡಿದು, ಒಂದು ಪಕ್ಕಕ್ಕೆ ವಾಲಿ ಕೂತು, ಈಗಲಾದರೂ ಒದೆಯುತ್ತದೆಂದು ಕಾದೆ. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿದ್ದೆ. ಡಾಕ್ಟರು ಸ್ಕ್ಯಾನಿಂಗ್ ಪರದೆಯನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಂಡರು. ಗಂಡು ಮಗು. ಎರಡು ದಿನ ಆದಮೇಲೆ ಹೆತ್ತೆ.

ನಮ್ಮಲ್ಲಿ ಹುಟ್ಟುವ ಮುಂಚೆ ಹೆಸರಿಡುವುದಿಲ್ಲ, ಬಟ್ಟೆಬರೆ ಕೊಳ್ಳುವುದೂ ಇಲ್ಲ. ಹೆಸರಿನ ವಿಷಯದಲ್ಲಿ ಶಾಸ್ತ್ರ ಪಾಲಿಸಿದ್ದೆ, ಕೋಣೆಯ ವಿಷಯದಲ್ಲಿ ಪಾಲಿಸಿರಲಿಲ್ಲ. ಪುಂಗೋಲಿನ ನಮ್ಮ ಫ್ಲ್ಯಾಟಿನಲ್ಲಿ ಮೂರು ಮಲಗುವ ಕೋಣೆ. ಮೂರನೆಯದು ಚಿಕ್ಕದು, ಅದುವರೆಗೆ ಸೂಟ್‌ಕೇಸು, ಇಸ್ತ್ರಿ ಮೇಜು ಇಟ್ಟಿದ್ದ ಜಾಗ. ಅದನ್ನು ಖಾಲಿ ಮಾಡಿ, ನನ್ನ ಗಂಡ ಎರಡು ಭಾನುವಾರ ಕೂತು ತೆಳು ಹಳದಿ ಬಣ್ಣ ಹೊಡೆದಿದ್ದರು. ಅರ್ಧ ಬೆಲೆಗೆ ಬಂತೆಂದು ತೊಟ್ಟಿಲ ಮಂಚ ತಂದಿದ್ದೆವು. ಆಫೀಸಿನಲ್ಲಿ ಯಾರಾದರೂ ಪ್ರಾಜೆಕ್ಟ್ ಸಿಗುವ ಮೊದಲೇ ಟೀಮ್ ಕಟ್ಟಲು ಹೊರಟರೆ "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ರಂತೆ" ಎಂದು ರೇಗಿಸುತ್ತಿದ್ದವಳು ನಾನೇ. ಆ ಗಾದೆಯನ್ನು ಆಮೇಲೆ ಹೇಳಿಲ್ಲ.

ನಾನು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮಂಚ ಇರಲಿಲ್ಲ. ನನ್ನ ಗಂಡ ಅದನ್ನು ಎದುರು ಬ್ಲಾಕಿನ ಯಾರಿಗೋ ಕೊಟ್ಟುಬಿಟ್ಟಿದ್ದರು. ನಾನು ನೋಡಬಾರದು ಅಂತ ಅವರ ಆಸೆ, ತಪ್ಪೇನಿಲ್ಲ. ಉಳಿದದ್ದು ಹಳದಿ ಗೋಡೆ ಮತ್ತು ಒಂದು ಮುಚ್ಚಿದ ಬಾಗಿಲು. ಜನ ಬಂದರು, ಸಾರು ಪಲ್ಯ ಡಬ್ಬಿಯಲ್ಲಿ ತಂದರು, ಹೋದರು. ನನಗೆ ಅಳು ಬರಲಿಲ್ಲ. ಹಸಿವೂ ಬರಲಿಲ್ಲ, ಕೋಪವೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ಕೆನ್ನೆ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಮೈಯೆಲ್ಲ.

ಜೂನಿನಲ್ಲಿ ಒಂದು ದಿನ ಊಟ ಮಾಡುತ್ತ ನನ್ನ ಗಂಡ, "ಆ ರೂಮನ್ನ ಬಾಡಿಗೆಗೆ ಕೊಡೋಣ್ವಾ?" ಅಂದರು.

ನಾನು ಮೊಸರು ಕಲೆಸುತ್ತಿದ್ದೆ.

"ಎಷ್ಟು ದಿನ ಅಂತ ಬಾಗ್ಲು ಹಾಕಿಟ್ಕೊಳೋದು? ಯಾರಾದ್ರೂ ಬಂದು ಇದ್ರೆ ಮನೇಲಿ ಒಂದು ಸದ್ದು ಅಂತ ಇರತ್ತೆ. ಬಾಡಿಗೆನೂ ಬರತ್ತೆ. ನಿಂಗೆ ಬೇಡ ಅಂದ್ರೆ ಬೇಡ."

"ಸರಿ."

"ಸರಿ ಅಂದ್ರೆ?"

"ಸರಿ ಅಂದ್ರೆ ಸರಿ ರೀ. ಬರ್ಕೊಡ್ಲಾ?"

ನಾಲಗೆ ಮಾತ್ರ ಹಳೆಯ ಹಾಗೇ ಇತ್ತು. ಆ ಕೋಣೆಯೊಂದು ಕೈಬಿಟ್ಟರೆ, ಅವನೊಬ್ಬ ಇದ್ದ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಬೇರೆ ಗುರುತೇ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇಡ ಎನ್ನುವುದಕ್ಕೆ ಬೇಕಾದ ಜೀವ ನನ್ನಲ್ಲಿರಲಿಲ್ಲ. ಅವರು ಬಾಡಿಗೆಗೆ ಕೊಡಲು ಬೇಕಾದ ಸರ್ಕಾರದ ಅನುಮತಿಗೆ ಅರ್ಜಿ ಹಾಕಿದರು, ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ತಿಳಿಸಿದರು. ಮೈಸೂರಿನ ಒಬ್ಬ ಹುಡುಗಿ, ನಮ್ಮ ಬಿಸಿನೆಸ್ ಪಾರ್ಕಿಗೇ ಹೊಸದಾಗಿ ಕೆಲಸಕ್ಕೆ ಬಂದವಳು, ಭಾನುವಾರ ಹನ್ನೊಂದು ಗಂಟೆಗೆ ನೋಡಲು ಬರುತ್ತೇನೆ ಎಂದಳು. ಒಪ್ಪಿಗೆಯಾದರೆ ಒಂದನೇ ತಾರೀಕಿಗೆ ಬರುವುದು.

ಆ ವಾರವೇ ನಮ್ಮ ಮನೆಯಲ್ಲಿ ರಾಜನ ಸರ್ವೆ ನಡೆಯಿತು. ಮಗಳು ಕತ್ತಿಗೆ ಶಾಲು ಸುತ್ತಿಕೊಂಡು, ಪ್ಯಾಡಿಗೆ ಹಾಳೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಬಂದಳು.

"ಅಮ್ಮಾ, ನೀನು ಓತ್ ತಗೋಬೇಕು. ಸುಳ್ಳು ಹೇಳಂಗಿಲ್ಲ ಲಾ." ಮಾತಿನ ಕೊನೆಗೆ ಬರುವ ಆ ಲಾ ಇಲ್ಲಿನ ಶಾಲೆಯಲ್ಲಿ ಅಂಟಿಕೊಂಡಿದ್ದು.

"ಯಾವುದರ ಮೇಲೆ ಕೈಯಿಡ್ಲಿ ತಾಯಿ?"

ಅವಳು ಸುತ್ತ ನೋಡಿ ರೈಸ್ ಕುಕ್ಕರ್ ತೋರಿಸಿದಳು. ಮುಚ್ಚಳ ಬಿಸಿ ಇತ್ತು. ಅನ್ನದ ಮೇಲಾಣೆ ಎಂದು ಕೈಯಿಟ್ಟು ತೆಗೆದೆ.

"ನಮಗಿಂತ ಮುಂಚೆ ಈ ಮನೆ ಯಾರ ಕೈಲಿತ್ತು?"

"ಒಬ್ರು ಟ್ಯಾಕ್ಸಿ ಅಂಕಲ್."

"ಈಗ?"

"ನಿಮ್ಮಪ್ಪಂದು. ಅಂತ ಅವರಂದ್ಕೊಂಡಿದಾರೆ."

ಅದನ್ನೂ ಬರೆದುಕೊಂಡಳು. ನೇಗಿಲಿನ ಜಾಗದಲ್ಲಿ ಎರಡು ಲ್ಯಾಪ್‌ಟಾಪ್, ಗಿರಣಿಯ ಜಾಗದಲ್ಲಿ ಮಿಕ್ಸಿ. ಮೀನಿನ ಕೊಳಕ್ಕೆ ನಮ್ಮ ಬ್ಲಾಕಿನ ಕೆಳಗಿನ ಕಾಲುವೆಯನ್ನೇ, ವಾಟರ್‌ವೇಯನ್ನೇ ಬರೆದುಕೊಂಡಳು, ರಾಜ ಬಂದು ಕೇಳಿದರೆ ನೋಡಿಕೊಳ್ಳೋಣ ಎಂದು. ದನಕರು ಎಂದರೆ ಹಲ್ಲಿ ಎರಡು, ಒಂದು ಟ್ಯೂಬ್‌ಲೈಟ್ ಹಿಂದೆ, ಒಂದು ಬಾತ್‌ರೂಮಿನಲ್ಲಿ. ಜನ ಎಷ್ಟು ಎಂದು ಕೇಳಲಿಲ್ಲ, ತಾನೇ ಬರೆದುಕೊಂಡಳು. ಇನ್ನೂ ಹೆಚ್ಚು ಹುಟ್ಟುವಳಿ ಸಾಧ್ಯವೇ ಎನ್ನುವ ಪ್ರಶ್ನೆಯನ್ನೂ ಕೇಳಲಿಲ್ಲ. ಹದಿಮೂರು ವರ್ಷದ ಹುಡುಗಿಗೆ ಯಾವುದನ್ನು ಬಿಡಬೇಕು ಎಂದು ತಿಳಿದಿತ್ತು, ಅದನ್ನು ನಾನು ಆಗ ಗಮನಿಸಲಿಲ್ಲ.

ಶನಿವಾರ ಬೆಳಿಗ್ಗೆ ಗಂಡ ತರಕಾರಿಗೆ ಹೋಗಿದ್ದರು. ಮಾರನೆಯ ದಿನ ಹುಡುಗಿ ಬರುತ್ತಾಳಲ್ಲ, ಊಟದ ಮೇಜನ್ನಾದರೂ ಒರೆಸೋಣ ಎಂದು ಎದ್ದೆ. ಮಗಳ ಹಾಳೆಗಳು ಹರಡಿದ್ದವು. ಎತ್ತಿಡುವಾಗ ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ, ಅವಳ ದುಂಡು ಅಕ್ಷರದಲ್ಲಿ: ಮೂರನೆಯ ಕೋಣೆ. ವೇಸ್ಟ್.

ನಮ್ಮ ಬೆಂಗಳೂರು ಕನ್ನಡದಲ್ಲಿ ವೇಸ್ಟ್ ಅನ್ನುವುದು ಬೈಗುಳ. ಕೆಲಸಕ್ಕೆ ಬಾರದವನು ವೇಸ್ಟ್, ಸಪ್ಪೆ ಸಿನಿಮಾ ವೇಸ್ಟ್, ಅದಕ್ಕೆ ಕೊಟ್ಟ ದುಡ್ಡು ವೇಸ್ಟ್. ಏಪ್ರಿಲಿನಲ್ಲಿ ಸಂಬಂಧದ ಆಂಟಿಯೊಬ್ಬರು ಫೋನಿನಲ್ಲಿ, "ಪಾಪ, ಏಳು ತಿಂಗ್ಳು ಸುಮ್ನೆ ವೇಸ್ಟ್ ಆಯ್ತಲ್ಲೇ" ಎಂದಿದ್ದರು. ಆಗ ನಾನು ಹೂಂ ಆಂಟಿ ಎಂದಿದ್ದೆ. ಆಗ ಬರದ ಸಿಟ್ಟು ಈಗ, ಎರಡು ತಿಂಗಳು ತಡವಾಗಿ, ನನ್ನ ಮಗಳ ಮೇಲೆ ಬಂತು.

"ಏನಿದು? ಏನೇ ಇದು?" ಹಾಳೆಯನ್ನು ಮುಷ್ಟಿಯಲ್ಲಿ ಮುದುಡಿ ಅವಳ ಮುಖಕ್ಕೆ ಹಿಡಿದೆ. "ಯಾರು ಹೇಳ್ಕೊಟ್ರು ನಿಂಗೆ ವೇಸ್ಟ್ ಅಂತ? ನಾಚ್ಕೆ ಆಗಲ್ವಾ? ಅಷ್ಟು ಬಣ್ಣ ಹೊಡ್ದು, ಅಷ್ಟೆಲ್ಲಾ..." ನನಗೇ ಆಶ್ಚರ್ಯವಾಗುವಷ್ಟು ಜೋರಾಗಿ ಕೂಗಿದ್ದೆ.

ಅವಳು ಅಳಲಿಲ್ಲ. ಒಳಗೆ ಹೋಗಿ ಲೈಬ್ರರಿ ಪುಸ್ತಕ ತಂದು, ಒಂದು ಪುಟ ತೆಗೆದು ಮೇಜಿನ ಮೇಲಿಟ್ಟಳು.

"ಇದು ಆ ವೇಸ್ಟ್ ಅಲ್ಲಮ್ಮ. ಇಲ್ನೋಡು. ಉತ್ತರದ ಕಡೆ ಊರುಗಳ್ನ ರಾಜಾನೇ ಸುಟ್ಟಿದ್ದ. ಆಮೇಲೆ ಅವನ ಜನಾನೇ ಎಣ್ಸೋಕೆ ಹೋದ್ರು. ಅಲ್ಲಿ ಮೊದ್ಲು ಜನ ಇದ್ರು, ಈಗ ಏನೂ ಇಲ್ಲ. ಅಂಥ ಕಡೆ ಇಷ್ಟೇ ಬರೀತಿದ್ರು. ಇಟ್ ಈಸ್ ವೇಸ್ಟ್. ಹಂಗೆ ಬರೆದ್ರೆ ಅಲ್ಲಿಂದ ಟ್ಯಾಕ್ಸ್ ಇಲ್ಲ. ರಾಜ ಕೂಡ ಏನೂ ಕೇಳಕ್ಕಾಗಲ್ಲ."

ನಾನು ಪುಟದ ಮೇಲೆ ಬಗ್ಗಿ ನೋಡಿದೆ.

"ನಾಳೆ ಆ ಅಕ್ಕ ಬರ್ತಾರಲ್ಲ. ಅಪ್ಪಂಗೆ ತೋರ್ಸೋಣ ಅಂತ ಬರ್ದೆ. ಅದ್ರಿಂದ ಬಾಡಿಗೆ ತಗೊಳ್ಳೋ ಹಂಗಿಲ್ಲ ಅಂತ." ಪುಸ್ತಕ ಮುಚ್ಚಿ, "ನೀನು ಬೇಡ ಹೇಳ್ತೀಯ ಅಂತ ಕಾದೆ. ನೀನು ಸರಿ ಅಂದ್ಬಿಟ್ಟೆ," ಅಂದಳು.

ನಾನು ಕುರ್ಚಿ ಎಳೆದುಕೊಂಡು ಕೂತೆ. ನನ್ನ ಅಪ್ಪ ಸರ್ಕಾರಿ ಸರ್ವೇಯರ್ ಆಗಿದ್ದರು, ತುಮಕೂರಿನ ಸುತ್ತಮುತ್ತ ಸರಪಳಿ ಎಳೆದು ಹೊಲ ಅಳೆಯುತ್ತಿದ್ದರು. ಅವರ ಪಹಣಿಗಳಲ್ಲಿ ಖರಾಬು ಎಂಬ ಒಂದು ಕಲಂ ಇರುತ್ತಿತ್ತು. ಖರಾಬು ಅಂದ್ರೆ ಕೆಟ್ಟದ್ದಾ ಅಪ್ಪ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. "ಕೆಟ್ಟದ್ದಲ್ಲ ಮಗಾ, ಕಂದಾಯಕ್ಕೆ ಬರ್ದೇ ಇರೋದು. ಹಳ್ಳ, ಬಂಡಿ ದಾರಿ, ಸುಡುಗಾಡು. ಅದನ್ನೂ ಅಳೀಲೇಬೇಕು, ಆದ್ರೆ ಅದ್ರಿಂದ ಏನೂ ಕೇಳಬಾರ್ದು," ಎಂದಿದ್ದರು. ಅಪ್ಪ ಹೋಗಿ ಆರು ವರ್ಷವಾಗಿತ್ತು. ಅವರ ಮಾತನ್ನು ಮಗಳಿಗೆ ಹೇಳಿದೆ. ಅವಳು ತಲೆಯಾಡಿಸಿ, "ಸೇಮ್ ಲಾ," ಎಂದಳು.

ಮುದುಡಿದ ಹಾಳೆಯನ್ನು ಮೇಜಿನ ಮೇಲೆ ಇಬ್ಬರೂ ಅಂಗೈಯಿಂದ ತೀಡಿದೆವು. ವೇಸ್ಟ್ ಎಂಬುದರ ಪಕ್ಕದಲ್ಲಿ ಒಂದು ಕಲಂ ಖಾಲಿ ಇತ್ತು. ಮೊದಲು ಯಾರ ಕೈಯಲ್ಲಿತ್ತು ಎಂಬ ಕಲಂ.

"ಇದ್ಯಾಕೆ ಬಿಟ್ಟಿದೀಯ?"

"ಏನ್ ಬರೀಬೇಕು ಗೊತ್ತಾಗ್ಲಿಲ್ಲ. ಹೆಸ್ರು ಇಲ್ವಲ್ಲ."

ಮಾರ್ಚಿನಿಂದ ನಮ್ಮ ಮನೆಯಲ್ಲಿ ಅವನನ್ನು ಯಾರೂ ಏನೂ ಅಂದು ಕರೆದಿರಲಿಲ್ಲ. ಅದು, ಆ ವಿಷಯ, ಆಗ ಆಗಿದ್ದು, ಹೀಗೇ ಹೇಳಿಕೊಂಡು ಬಂದಿದ್ದೆವು.

"ತಮ್ಮ ಅಂತ ಬರಿ," ಅಂದೆ.

ಅವಳು ಕನ್ನಡದಲ್ಲೇ ಬರೆದಳು. ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋಗಿ ಕಲಿಸಿದ ಅಕ್ಷರ. ಮ ಒತ್ತು ಎಲ್ಲಿ ಬರುತ್ತದೆ ಎಂದು ಕೇಳಿದಳು, ತೋರಿಸಿದೆ. ಆಗ ನನಗೆ ಅಳು ಬಂತು. ಜೋರಾಗಿಯೇ ಬಂತು, ಪಕ್ಕದ ಮನೆಯವರಿಗೆ ಕೇಳಿಸುವಷ್ಟು. ಅವಳು ಟಿಶ್ಯೂ ಡಬ್ಬಿ ತಂದಿಟ್ಟು, ಇನ್ನೊಂದು ಕುರ್ಚಿಯಲ್ಲಿ ಕೂತಳು.

ನನ್ನ ಗಂಡ ಬಂದಾಗ ನಾವು ಹಾಗೇ ಕೂತಿದ್ದೆವು. ಎರಡೂ ಕೈಯಲ್ಲಿ ಚೀಲ, ಒಂದರಿಂದ ನುಗ್ಗೇಕಾಯಿ ಇಣುಕುತ್ತಿತ್ತು. ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಅವಳು ಹಾಳೆಯನ್ನು ಅವರ ಕಡೆಗೆ ತಳ್ಳಿ, ವೇಸ್ಟ್ ಅಂದರೆ ಏನೆಂದು ಮತ್ತೊಂದು ಸಲ ಹೇಳಿದಳು. ಅವರು ಚೀಲ ಇಳಿಸದೆ ನಿಂತುಕೊಂಡೇ ಓದಿದರು. ತಮ್ಮ ಎಂಬ ಕಡೆ ಬಹಳ ಹೊತ್ತು ನಿಂತರು.

"ನಂಗೆ ಬೇಡ ರೀ," ಅಂದೆ. "ಅವತ್ತು ಸರಿ ಅಂದೆ. ನಂಗೆ ಬೇಡ."

ಅವರು ಚೀಲ ಇಳಿಸಿ, ಜೇಬಿನಿಂದ ಫೋನ್ ತೆಗೆದು ಕಿಟಕಿಯ ಹತ್ತಿರ ಹೋದರು. ಆ ಹುಡುಗಿಗೆ ಮಾಡಿದರು. ಅವಳ ದನಿ ಕೇಳಿಸುತ್ತಿರಲಿಲ್ಲ, ಇವರದ್ದಷ್ಟೇ ಕೇಳಿಸುತ್ತಿತ್ತು.

"ಸಾರಿ ಅಮ್ಮ, ನಾಳೆ ಬರ್ಬೇಡಿ. ರೂಮು ಖಾಲಿ ಇಲ್ಲ."

ಅವಳೇನೋ ಕೇಳಿದಳು.

"ಇಲ್ಲಮ್ಮ, ಬೇರೆ ಯಾರಿಗೂ ಕೊಟ್ಟಿಲ್ಲ," ಅಂದರು. "ಅದು ನಮ್ಮ ಮಗನ ರೂಮು."